ತಿಂಗಳ ಸಂಬಳ, ತೀರದ ಮುಯ್ಯಿ

ಮಕ್ಕಳೇ, ಹದಿನಾಲ್ಕು ವರ್ಷದ ಹಿಂದೆ ನಾನು ಹಿರಿಯೂರಿನ ಒಂದು ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುವ ಕೆಲಸದಲ್ಲಿದ್ದೆ. ಸುಲಿದ ಕಾಳಿನಲ್ಲಿ ಮುರುಟಿದ್ದು, ಕಪ್ಪಾದದ್ದು ತೆಗೆಯಬೇಕು, ದಿನಗೂಲಿ. ಧರ್ಮಪುರದ ಕಡೆಯ ನಮ್ಮ ಊರಿನಿಂದ ಏಳು ಜನ ಹೆಂಗಸರು ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನಿಮ್ಮ ತಾತ ಆಗಲೇ ತೀರಿಕೊಂಡಿದ್ದರು. ನಿಮ್ಮಮ್ಮ ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ನನ್ನ ದುಡಿಮೆ ನಿಂತರೆ ಅವಳ ಓದೂ ನಿಲ್ಲುತ್ತಿತ್ತು.

ಆ ವರ್ಷ ಮಿಲ್ಲಿಗೆ ಕಲರ್ ಸಾರ್ಟರ್ ಬಂತು. ಬಣ್ಣ ನೋಡಿ ಕೆಟ್ಟ ಕಾಳನ್ನು ತಾನೇ ಬೇರ್ಪಡಿಸುವ ಮಷಿನ್ ಅದು. ಸಾಹುಕಾರರು ನನ್ನನ್ನು ಕರೆದರು.

"ಗಂಗಕ್ಕ, ಮಷಿನ್ ಹತ್ರ ಒಬ್ರು ಸಾಕು. ನೀನಿರು. ತಿಂಗಳ ಸಂಬಳ, ಪಿಎಫ್ ಐತೆ, ಭಾನುವಾರ ರಜ."

ಏಳು ಜನರಲ್ಲಿ ನಾನೇ ಯಾಕೆ? ಇಂದಿಗೂ ಗೊತ್ತಿಲ್ಲ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಸೆರಗು ಹಿಡಿದು ನಿಂತೆ. ಒಪ್ಪಿದೆ ಅಂದುಕೊಂಡರು. ಉಳಿದ ಆರು ಜನರ ಕೆಲಸ ಹೋಯಿತು.

ಸಂಜೆ ಎಲ್ಲರೂ ಅದೇ ಬಸ್ಸು ಹತ್ತಿದೆವು. ನಮ್ಮಲ್ಲಿ ಹಿರಿಯಳಾದ ತಿಪ್ಪಕ್ಕ, "ಪರ್ಮನೆಂಟ್ ಅಮ್ಮಾರು ಬಂದ್ರು, ಜಾಗ ಬಿಡ್ರೇ" ಅಂದಳು. ತಮಾಷೆಯೋ ಚುಚ್ಚು ಮಾತೋ ತಿಳಿಯಲಿಲ್ಲ.

ತಿಂಗಳು ತುಂಬುವುದರೊಳಗೆ ನಮ್ಮ ಹೊಲದ ಶೇಂಗಾ ಕೀಳುವುದಕ್ಕೆ ಬಂತು. ಮಳೆ ಬಿದ್ದ ಹಸಿಯಲ್ಲೇ ಕೀಳಬೇಕು. ಮಣ್ಣು ಗಟ್ಟಿಯಾದರೆ ಕಾಯಿ ನೆಲದಲ್ಲೇ ಉಳಿಯುತ್ತದೆ. ನಮ್ಮ ಏಳು ಮನೆಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇಂದು ನನ್ನ ಹೊಲಕ್ಕೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬಂದು ಮುಯ್ಯಿ ತೀರಿಸುತ್ತೇನೆ ಅಂತ. ಈಗ ಬರೀ ಭಾನುವಾರದ ರಜದಲ್ಲಿ ನಾನು ಯಾರ ಹೊಲಕ್ಕೆ ಅಂತ ಹೋಗಲಿ? ರಜ ಹಾಕಿದರೆ ಹೊಸ ಕೆಲಸ ಹೋಗುತ್ತದೆ, ಹಾಕದಿದ್ದರೆ ಬೆಳೆ ಹೋಗುತ್ತದೆ. ತೋಚದೆ ಕೂಲಿ ದುಡ್ಡು ಹಿಡಿದು ತಿಪ್ಪಕ್ಕನ ಮನೆಗೆ ಹೋದೆ.

"ಏನೇ ಇದು?"

"ಕೂಲಿ... ಆರು ಜನದ್ದು."

"ನಮ್ಮನ್ನೇ ಕೂಲಿಗೆ ಕರಿಯಾಷ್ಟು ದೊಡ್ಡೋಳಾದ್ಯಾ? ಎತ್ಕಂಡು ಹೋಗು."

ಬೆಳೆಯೂ ಹೋಯಿತು, ಗೆಳತಿಯರೂ ಹೋದರು ಅಂದುಕೊಂಡೆ.

ಮರುದಿನ ಸಂಜೆ ಬಸ್ಸಿಳಿದು ಹೊಲದ ಕಡೆ ನೋಡಿದರೆ ಅರ್ಧ ಹೊಲ ಬರಿದಾಗಿತ್ತು. ಕಿತ್ತ ಗಿಡದ ಗುಡ್ಡೆಗಳ ನಡುವೆ ಆ ಆರು ಜನ ಕೂತು ಕಾಯಿ ಬಿಡಿಸುತ್ತಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮುಯ್ಯಿ ತೀರ್ಸಾಕೆ ನನ್ನತ್ರ ದಿನಾನೇ ಇಲ್ಲಲ್ಲಕ್ಕ" ಅಂದೆ.

"ನಿನ್ ಮಗಳು ನರ್ಸ್ ಆಗ್ಲಿ. ನಮಗೆ ವಯಸ್ಸಾದ ಮ್ಯಾಲೆ ಸೂಜಿ ಹಾಕ್ಲಿ, ನೋವಾಗ್ದಂಗೆ" ಅಂದಳು ತಿಪ್ಪಕ್ಕ. ಎಲ್ಲರೂ ನಕ್ಕರು. "ಅಲ್ಲೀತಂಕ ತಿನ್ನಾಕೆ ಏನ್ ತಂದೀಯ, ಅದ್ ಹೇಳು."

ಚೀಲದಲ್ಲಿ ಮಂಡಕ್ಕಿ ಇತ್ತು. ಅದನ್ನೇ ಹಂಚಿದೆ.

ಹೋದ ವರ್ಷ ಮಿಲ್ಲು ಬಿಟ್ಟೆ. ತಿಂಗಳ ಸಂಬಳದಿಂದ ಮನೆ ನಡೆಯಿತು, ಅದು ನಿಜ. ಆದರೆ ಆ ಸಂಬಳ ಉಳಿದದ್ದು ಕೆಲಸ ಕಳೆದುಕೊಂಡವರ ಕೈಯಿಂದ. ಅವರು ಯಾಕೆ ಬಂದರು ಅಂತ ಕೇಳಲು ನನಗೆ ಬಾಯಿ ಬರಲೇ ಇಲ್ಲ.

ರಜಕ್ಕೆ ಊರಿಗೆ ಬಂದಾಗ ನಿಮ್ಮಮ್ಮ ಬಿಪಿ ಮಷಿನ್ ಹಿಡಿದು ತಿಪ್ಪಕ್ಕನ ಜಗುಲಿಯಲ್ಲಿ ಕೂರುತ್ತಾಳೆ. ಆರೂ ಜನ ಸಾಲಾಗಿ ತೋಳು ಚಾಚುತ್ತಾರೆ. ನೀವು "ಹೋಗಾಣ ಬಾರಮ್ಮ" ಅಂತ ಅವಳ ಸೆರಗು ಎಳೆಯುತ್ತೀರಿ. ಎಳೆಯಬೇಡಿ, ಮಕ್ಕಳೇ. ಅವಳು ನನ್ನ ಮುಯ್ಯಿ ತೀರಿಸುತ್ತಿದ್ದಾಳೆ.