ತೆಂಗಿನೆಣ್ಣೆ ಕುಡಿದ ಪಿಸ್ತೂಲು

ನಿಮಗೂ ಹೀಗೆ ಆಗಿದೆಯಾ? ನಿಮಗೆಂದೇ ಒಂದು ವಸ್ತು ಕೊಳ್ಳಲು ಅಂಗಡಿಗೆ ಹೋಗಿರುತ್ತೀರಿ. ಅಂಗಡಿಯವನು ನಿಮ್ಮನ್ನು ಬಿಟ್ಟು ಪಕ್ಕದಲ್ಲಿದ್ದ ಗಂಡನ ಹತ್ತಿರ ಮಾತಾಡುತ್ತಾನೆ. ಗಂಡ ನಿಮ್ಮನ್ನು ಬಿಟ್ಟು ವಸ್ತುವಿನ ಹತ್ತಿರ ಮಾತಾಡುತ್ತಾರೆ. ಕೊನೆಗೆ ಚೀಲ ಹೊತ್ತು ಮನೆಗೆ ಬರುವವರು ಮಾತ್ರ ನೀವು. ನನಗೆ ಮಿಕ್ಸರಿನಿಂದ ಮೊಬೈಲಿನವರೆಗೆ ಎಲ್ಲದರಲ್ಲೂ ಹೀಗೇ ಆಗಿದೆ, ಅಭ್ಯಾಸವಾಗಿದೆ. ಆದರೆ ಪಿಸ್ತೂಲಿನಲ್ಲೂ ಹೀಗಾಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಹೆದರಬೇಡಿ, ಯಾರನ್ನೂ ಮುಗಿಸುವ ಯೋಚನೆ ಇಲ್ಲ. ಗಾಳಿಯ ಒತ್ತಡದಲ್ಲಿ ಕಡಲೆಕಾಳಿಗಿಂತ ಚಿಕ್ಕ ಸೀಸದ ಗುಂಡು ಹಾರಿಸುವ ಏರ್ ಪಿಸ್ತೂಲು. ಹತ್ತು ಮೀಟರ್ ದೂರದಲ್ಲಿ ಕಾಗದದ ಗುರಿ. ಅಷ್ಟು ಕಡಿಮೆ ಶಕ್ತಿಯದ್ದಕ್ಕೆ ಲೈಸೆನ್ಸು ಬೇಡ, ಗುರುತಿನ ಚೀಟಿಯ ಝೆರಾಕ್ಸ್ ಸಾಕು.

ಈ ಹುಚ್ಚು ಹಿಡಿದದ್ದು ಇಲ್ಲೇ ಮುಂಬೈಯ ಜುಹು ಬೀಚಿನಲ್ಲಿ. ಬಲೂನ್ ಹೊಡೆಯುವ ಅಂಗಡಿಯ ಮುಂದೆ ನಮ್ಮವರು ಹತ್ತು ಗುಂಡಿಗೆ ಒಂದು ಬಲೂನ್ ಒಡೆದು, ಬಂದೂಕಿನ ನಳಿಗೆ ಡೊಂಕು ಎಂದು ತೀರ್ಪು ಕೊಟ್ಟರು. ಅದೇ ಡೊಂಕು ನಳಿಗೆಯಲ್ಲಿ ನಾನು ಒಂಬತ್ತು ಒಡೆದೆ. ಅದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಇಪ್ಪತ್ತು ವರ್ಷಗಳಿಂದ ಕಾಂದಿವಲಿಯಿಂದ ಅಂಧೇರಿಯ ಆಫೀಸಿಗೆ ಲೋಕಲ್ ರೈಲಿನಲ್ಲಿ ಬಲಗೈ ಮೇಲಕ್ಕೆತ್ತಿ ಹಿಡಿಕೆಗೆ ಜೋತುಬಿದ್ದು ಹೋಗುವವಳಿಗೆ ಕೈ ನಡುಗುವ ಸೌಲಭ್ಯ ಇರುವುದಿಲ್ಲ.

ಆಮೇಲೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗಾಳಾದಲ್ಲಿ, ಅಂದರೆ ಕಾರ್ಖಾನೆಯ ಮಳಿಗೆಯಲ್ಲಿ, ಕೆಳಗೆ ರಟ್ಟಿನ ಪೆಟ್ಟಿಗೆ ಮಾಡುವ ಸದ್ದು, ಮೇಲೆ ಗುರಿಯ ಅಭ್ಯಾಸ, ಇಂಥ ಒಂದು ರೇಂಜಿಗೆ ಸೇರಿಕೊಂಡೆ. ಕಲಿಸುವವರು ವಿಜಯಪುರದ ಕಡೆಯವರು, ಸೈನ್ಯದಿಂದ ನಿವೃತ್ತರಾದವರು. ಇಡೀ ದಿನ ಹಿಂದಿ ಮಾತಾಡಿ ಸುಸ್ತಾದ ಅವರಿಗೆ ನನ್ನ ಕರಾವಳಿ ಕನ್ನಡವೂ ಕನ್ನಡದ ಹಾಗೆಯೇ ಕೇಳಿಸುತ್ತಿತ್ತು ಎಂಬುದು ನನ್ನ ಪುಣ್ಯ.

ಆರು ತಿಂಗಳಾದ ಮೇಲೆ ಅವರು ಒಂದು ಆಸೆ ಹುಟ್ಟಿಸಿದರು. ದಸರಾ ಮುಗಿದ ಮೇಲಿನ ಭಾನುವಾರ ರೇಂಜಿನಲ್ಲೇ ಒಂದು ಸ್ಪರ್ಧೆ. ನಲವತ್ತು ಗುಂಡು, ನಾನೂರು ಅಂಕ. ಮುನ್ನೂರು ಮುಟ್ಟಿದವರ ಹೆಸರು ಜಿಲ್ಲಾ ಸ್ಪರ್ಧೆಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ವಿದ್ಯುತ್ ಬಿಲ್ಲು, ಗ್ಯಾಸು, ಕೊನೆಗೆ ಪೇಪರಿನವನ ರಸೀದಿ ಕೂಡ ಗಂಡನ ಹೆಸರಿನಲ್ಲಿದೆ. ಎಲ್ಲಾದರೂ ಒಂದು ಪಟ್ಟಿಯಲ್ಲಿ ನನ್ನ ಹೆಸರು ಒಂಟಿಯಾಗಿ ಬರಲಿ ಎಂದು ನನಗೆ ಎಷ್ಟು ಆಸೆಯಾಯಿತೆಂದರೆ, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ರೇಂಜಿನ ಪಿಸ್ತೂಲಿನ ಹಿಡಿ ದಪ್ಪ, ನನ್ನ ಬೆರಳು ಟ್ರಿಗರಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಆದರೂ ಮುನ್ನೂರರ ಅಕ್ಕಪಕ್ಕ ಬರುತ್ತಿತ್ತು. ನನ್ನ ಕೈಯ ಅಳತೆಯದ್ದು ಒಂದು ಸಿಕ್ಕಿದರೆ ದಾಟುತ್ತೇನೆ ಎಂಬ ಲೆಕ್ಕ.

ಫೋರ್ಟ್ ಕಡೆಯ ಬಂದೂಕಿನ ಅಂಗಡಿಗೆ ಒಬ್ಬಳೇ ಹೋಗಬೇಕಿತ್ತು. ತಪ್ಪು ಮಾಡಿದೆ, ಗಂಡನಿಗೆ ಹೇಳಿದೆ. ಅಂಧೇರಿಯಲ್ಲಿ ಉಡುಪಿ ಹೋಟೆಲು ನಡೆಸುವವರು ಅವರು. ಖರೀದಿ ಎಂದರೆ ತನ್ನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ ಎಂಬ ನಂಬಿಕೆ. ಅಂಗಡಿಯವನು ಅವರನ್ನು ನೋಡಿ, "ಬೇಟೇ ಕೀ ಉಮರ್ ಕಿತ್ನೀ ಹೈ?" ಎಂದ, ಮಗನ ವಯಸ್ಸೆಷ್ಟು ಅಂತ. ನಮಗೆ ಮಗನೇ ಇಲ್ಲ. ನನಗೆ ಬೇಕಾದದ್ದು ಎಂದಾಗ ಅವನು ನಕ್ಕು, ಮತ್ತೆ ಅವರಿಗೇ ತೋರಿಸತೊಡಗಿದ.

ನಾನು ಒಂದನ್ನು ಎತ್ತಿಕೊಂಡೆ. ಚಿಕ್ಕದು, ಕಪ್ಪು, ಹಗುರ, ಹಿಡಿ ತೆಳು, ಬೆಲೆಯೂ ನನ್ನ ದೀಪಾವಳಿ ಬೋನಸ್ಸಿನ ಒಳಗೆ. ಬೆರಳು ನೇರವಾಗಿ ಟ್ರಿಗರಿನ ಮೇಲೆ ಹೋಗಿ ಕೂತಿತು. ನಮ್ಮವರು ಅದನ್ನು ಕೈಯಲ್ಲಿ ತೂಗಿ ನೋಡಿದರು. ಹೋಟೆಲಿನವರು ದೋಸೆಕಾವಲಿ, ಕಡಾಯಿ ತಗೊಳ್ಳುವುದು ಹಾಗೆಯೇ: ಎತ್ತಿ ತೂಗಬೇಕು, ಬೆರಳಿನ ಗೆಣ್ಣಿನಿಂದ ಬಡಿದು ಸದ್ದು ಕೇಳಬೇಕು.

"ಎಂತದು ಮಾರಾಯ್ತಿ, ಇದು ಜುಹುವಿನ ಬಲೂನಿನ ಸಾಮಾನಲ್ವಾ? ಭಾರವೇ ಇಲ್ಲ. ಎರಡು ವರ್ಷ ಬರ್ಲಿಕ್ಕಿಲ್ಲ."

ನಂತರ ಇಡೀ ಲೋಹದ, ಸ್ಪ್ರಿಂಗಿನ ಒಂದು ಪಿಸ್ತೂಲನ್ನು ಎತ್ತಿದರು, ಬಡಿದರು, ಟಣ್ ಎಂದಿತು, ಮುಖ ಅರಳಿತು. ಪ್ರತಿ ಗುಂಡಿಗೂ ನಳಿಗೆಯನ್ನು ಮಡಚಿ ಸ್ಪ್ರಿಂಗ್ ಎಳೆಯಬೇಕು, ನನ್ನಿಂದ ನಲವತ್ತು ಸಲ ಆಗುತ್ತದಾ ಎಂದು ಕೇಳಿದೆ. ನಿನ್ನಿಂದ ಆಗದ್ದು ಎಂತದುಂಟು ಎಂದು ಹೊಗಳಿದರು. ಹೊಗಳಿಕೆ ಬಿಟ್ಟಿ ಸಿಕ್ಕಿತು, ಪಿಸ್ತೂಲಿಗೆ ದುಡ್ಡು ಕೊಟ್ಟೆ. ಬಿಲ್ಲು ಅವರ ಹೆಸರಿಗೆ, ಝೆರಾಕ್ಸೂ ಅವರದ್ದೇ.

ಮನೆಗೆ ಬರುವ ದಾರಿಯಲ್ಲೇ ಇನ್ನೊಂದು ಕಾನೂನು ಹೊರಟಿತು. ವಾರದಲ್ಲಿ ಆಯುಧ ಪೂಜೆ, ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ. ಹೋಟೆಲಿನಲ್ಲಿ ಪ್ರತಿವರ್ಷ ಗ್ರೈಂಡರು, ಕಾಯಿ ತುರಿಯುವ ಹೆರೆಮಣೆ, ಚಾಕು, ಡೆಲಿವರಿಯ ಸ್ಕೂಟರು, ಬಿಲ್ಲಿಂಗ್ ಮಿಷೀನು ಎಲ್ಲದಕ್ಕೂ ಪೂಜೆ. ಆಯುಧವೇ ಇಲ್ಲದೆ ಇಷ್ಟು ವರ್ಷ ಆಯುಧ ಪೂಜೆ ಮಾಡಿದ ನಮ್ಮವರಿಗೆ ಮೊದಲ ಸಲ ನಿಜವಾದ ಆಯುಧ ಸಿಕ್ಕಿತ್ತು. ಬಿಡುತ್ತಾರೆಯೇ? ಹಿಂದಿನ ದಿನವೇ ಹೋಟೆಲಿಗೆ ಒಯ್ದರು. ಪೂಜೆಯ ದಿನ ನೋಡಿದರೆ ಗ್ರೈಂಡರಿನ ಪಕ್ಕದಲ್ಲಿ ಬಾಳೆಲೆಯ ಮೇಲೆ ಮಲಗಿತ್ತು, ಗಂಧ, ಕುಂಕುಮ, ಸೇವಂತಿಗೆ ಹೂವಿನ ಮಾಲೆ. ಮದುವೆಯ ದಿನ ನನಗೂ ಇಷ್ಟು ಅಲಂಕಾರ ಇರಲಿಲ್ಲ. ತುಂಬಾ ಫಳಫಳ ಹೊಳೆಯುತ್ತಿತ್ತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಪೂಜೆಯಿಂದ ಪಿಸ್ತೂಲು ನನ್ನ ಕೈಗೆ ಬಂದದ್ದು ಶನಿವಾರ ರಾತ್ರಿ. ಭಾನುವಾರ ಬೆಳಿಗ್ಗೆ ರೇಂಜಿನಲ್ಲಿ ಏಳು ಜನ ಸ್ಪರ್ಧಿಗಳು. ಆರು ಜನ ನನ್ನ ಅರ್ಧ ವಯಸ್ಸಿನವರು, ನನ್ನನ್ನು ಆಂಟಿ ಎಂದು ಕರೆದು ದಾರಿ ಬಿಟ್ಟರು. ಅಂಕಕ್ಕೆ ಸೇರದ ಅಭ್ಯಾಸದ ಮೊದಲ ಗುಂಡು. ಸ್ಪ್ರಿಂಗ್ ಎಳೆದೆ, ಗುರಿ ಹಿಡಿದೆ, ಟ್ರಿಗರ್ ಒತ್ತಿದೆ.

ಢಂ ಎಂದು ಲಕ್ಷ್ಮೀ ಪಟಾಕಿಯ ಹಾಗೆ ಸಿಡಿಯಿತು. ನಳಿಗೆಯ ಬಾಯಿಂದ ಹೊಗೆ. ಗುಂಡು ಗುರಿಯ ಕಾಗದವನ್ನೇ ಬಿಟ್ಟು ಹಿಂದಿನ ಹಲಗೆಗೆ ಹೋಗಿ ಹೊಕ್ಕಿತು. ಇಡೀ ಗಾಳಾದಲ್ಲಿ ನಮ್ಮೂರಿನ ಅಡುಗೆಮನೆಯ ಪರಿಮಳ ಹರಡಿತು.

ಕೋಚ್ ಬಂದು ಪಿಸ್ತೂಲು ತೆಗೆದುಕೊಂಡು ಮೂಸಿದರು.

"ಅಕ್ಕಾರ, ಇದರಾಗ ಒಗ್ಗರಣಿ ಹಾಕೀರೇನ್ರಿ?"

ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದೆ. ಅವರು ಅಡುಗೆಮನೆಯಲ್ಲಿ ವಿಚಾರಿಸಿದರು. ಸಂಗತಿ ಇಷ್ಟು: ಪೂಜೆಗೆ ಮೊದಲು ಹೋಟೆಲಿನ ಎಲ್ಲ ಸಾಮಾನನ್ನೂ ತೊಳೆಯುವುದು ಪದ್ಧತಿ. ದೋಸೆ ಭಟ್ರು ಬಹಳ ಶ್ರದ್ಧೆಯವರು. ಪಿಸ್ತೂಲನ್ನೂ ಸೋಪಿನ ಬಿಸಿನೀರಿನಲ್ಲಿ ಅದ್ದಿ ತೊಳೆದಿದ್ದಾರೆ. ತುಕ್ಕು ಹಿಡಿಯಬಾರದೆಂದು ಒಲೆಯ ಪಕ್ಕ ಒಣಗಿಸಿ, ನಳಿಗೆಯೊಳಗೆ ತೆಂಗಿನೆಣ್ಣೆ ಬಿಟ್ಟಿದ್ದಾರೆ.

"ಚಕ್ಕುಲಿ ಒರಳಿಗೆ ಹಾಕುವ ಹಾಗೆಯೇ ಹಾಕಿದ್ದಂತೆ," ಎಂದರು ನಮ್ಮವರು, ಅದರಲ್ಲಿ ತಪ್ಪೇನು ಎಂಬ ಧ್ವನಿಯಲ್ಲಿ. "ನಾಲ್ಕು ಚಮಚ ಅಷ್ಟೇ."

ಚಕ್ಕುಲಿ ಒರಳಿನಲ್ಲಿ ಗಾಳಿ ಅಷ್ಟು ಜೋರಾಗಿ ಒತ್ತಿಕೊಂಡು ಬಿಸಿಯಾಗುವುದಿಲ್ಲ, ಪಿಸ್ತೂಲಿನಲ್ಲಿ ಆಗುತ್ತದೆ, ಆ ಬಿಸಿಗೆ ಎಣ್ಣೆ ಹೊತ್ತಿಕೊಂಡು ಸಿಡಿಯುತ್ತದೆ ಎಂದು ಕೋಚ್ ನನಗೆ ವಿವರಿಸಿದರು. ಪೂರ್ತಿ ಬಿಚ್ಚಿ ಒರೆಸುವವರೆಗೆ ಅದನ್ನು ಗುಂಡು ಹಾರಿಸುವ ಸಾಲಿಗೆ ತರುವಂತಿಲ್ಲ. ರೇಂಜಿನ ಹಳೆಯ ಪಿಸ್ತೂಲನ್ನೇ ಕೈಗೆ ಕೊಟ್ಟರು. ಅದೇ ದಪ್ಪ ಹಿಡಿ, ಎಟುಕದ ಟ್ರಿಗರು. ಜೊತೆಗೆ ಕಿವಿಯಲ್ಲಿ ಇನ್ನೂ ಆ ಢಂ.

ಮೊದಲ ಹತ್ತು ಗುಂಡು ಏನು ಹೊಡೆದೆನೋ ನನಗೇ ಗೊತ್ತಿಲ್ಲ. ಆಮೇಲೆ ಲೋಕಲ್ಲಿನ ಹಿಡಿಕೆ ನೆನಪಿಸಿಕೊಂಡೆ, ಭುಜ ಸಡಿಲ ಬಿಟ್ಟೆ, ಸ್ವಲ್ಪ ದಾರಿಗೆ ಬಂತು. ಕೊನೆಯ ಹತ್ತರಲ್ಲಿ ಎಂಬತ್ತೊಂದು. ಕೂಡಿಸಿದರೆ ಇನ್ನೂರ ತೊಂಬತ್ತೇಳು.

"ಮೂರು ಕಡಿಮಿ ಬಿದ್ದಾವ್ರಿ," ಎಂದರು ಕೋಚ್.

ಹೊಗೆ ಎಬ್ಬಿಸಿದ್ದಕ್ಕೆ ಮೂರು ಸೇರಿಸಲು ಬರುವುದಿಲ್ಲವಾ ಎಂದು ಕೇಳಿದೆ.

"ಹೊಗಿಗೆ ಮಾರ್ಕ್ಸ ಇಲ್ರಿ." ಪಟ್ಟಿ ಬರೆಯುತ್ತಲೇ ಇದ್ದರು. ನಾಲ್ಕು ಹೆಸರು ಬರೆದರು, ನನ್ನದಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಆಮೇಲೆ ನನ್ನ ಕಡೆ ತಿರುಗಿದರು. "ಅಕ್ಕಾರ, ಪಿಸ್ತೂಲು ನಿಮ್ಮ ಕೈಗೆ ಹೊಂದಬೇಕ್ರಿ, ಯಜಮಾನ್ರ ಕಣ್ಣಿಗಲ್ಲ. ಮುಂದಿನ ಸರ್ತಿ ಒಬ್ರ ಹೋಗ್ರಿ."

ಮನೆಗೆ ಬಂದು ನಾನು ಜಗಳ ಮಾಡಲಿಲ್ಲ. ಮಾಡಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಅವರು ಎರಡು ದಿನ ಕೇಳದೆಯೇ ಚಹಾ ಮಾಡಿಕೊಟ್ಟರು, ದೋಸೆ ಭಟ್ರು ಒಂದು ಡಬ್ಬ ಮೈಸೂರ್‌ಪಾಕ್ ಕಳುಹಿಸಿದರು. ಮೈಸೂರ್‌ಪಾಕ್ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಮುಂದಿನ ಶನಿವಾರ ಆಫೀಸಿನಿಂದ ನೇರ ಫೋರ್ಟಿಗೆ ಹೋದೆ. ಅದೇ ಅಂಗಡಿಯವನು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡಿದ. ಯಾರೂ ಬರಲಿಲ್ಲ. ಆ ಚಿಕ್ಕ ಕಪ್ಪು ಪಿಸ್ತೂಲು ಇನ್ನೂ ಗಾಜಿನ ಕೆಳಗಿತ್ತು. ಅವನಿಂದ ಖಾಲಿ ಎಂದು ಖಾತ್ರಿ ಮಾಡಿಸಿಕೊಂಡು, ಜನರಿಲ್ಲದ ಗೋಡೆಯ ಕಡೆ ಕೈ ಚಾಚಿ ಹಿಡಿದು ನಿಂತೆ, ಗಡಿಯಾರ ನೋಡಿ ಒಂದು ನಿಮಿಷ. ತೂಗಲಿಲ್ಲ, ಬಡಿಯಲಿಲ್ಲ. ಕೈ ಅಲ್ಲಾಡಲಿಲ್ಲ. ಹಾಗೆಯೇ ನಮ್ಮವರು ಆರಿಸಿದಂಥದ್ದೇ ಭಾರದ ಇನ್ನೊಂದು ಅಲ್ಲಿತ್ತು, ಅದನ್ನೂ ಹಿಡಿದು ನೋಡಿದೆ. ಇಪ್ಪತ್ತು ಸೆಕೆಂಡಿಗೆ ನಡುಗಿತು. ಈ ಪರೀಕ್ಷೆಗೆ ದುಡ್ಡು ಬೇಕಾಗಿರಲಿಲ್ಲ, ಮೊದಲ ದಿನವೇ ಮಾಡಬಹುದಿತ್ತು, ಯಾರೂ ನನ್ನ ಕೈ ಹಿಡಿದು ತಡೆದಿರಲಿಲ್ಲ. ಅದೊಂದು ನನ್ನದೇ ತಪ್ಪು, ಅದನ್ನು ತೆಂಗಿನೆಣ್ಣೆಯ ಮೇಲೆ ಹಾಕುವುದಿಲ್ಲ.

ಬಿಲ್ಲು ಯಾರ ಹೆಸರಿಗೆ ಎಂದು ಅವನು ಕೇಳಿದ. ನನ್ನ ಆಧಾರ್ ಕಾರ್ಡನ್ನು ಕೌಂಟರಿನ ಮೇಲೆ ಇಟ್ಟೆ. ಪಟ್ಟಿಯಲ್ಲಿ ಬಾರದ ಹೆಸರು ಸದ್ಯಕ್ಕೆ ಬಿಲ್ಲಿನಲ್ಲಾದರೂ ಬಂತು, ಸ್ಪೆಲ್ಲಿಂಗ್ ಸಹ ಸರಿಯಾಗಿ.

ಈಗ ಅದು ನನ್ನ ಕಪಾಟಿನಲ್ಲಿ ಬೀಗದೊಳಗಿದೆ, ಕೀ ನನ್ನ ಹತ್ತಿರ. ಭಾರದ ಪಿಸ್ತೂಲು ಮನೆಯ ಅಟ್ಟದಲ್ಲಿ, ಅವರು ತೂಗಿ ತಂದ ಇತರ ಬಾಳಿಕೆಯ ಸಾಮಾನುಗಳ ಜೊತೆ ಬಾಳುತ್ತಿದೆ. ಕಳೆದ ವಾರ ರೇಂಜಿನಲ್ಲಿ ಮುನ್ನೂರ ಹನ್ನೊಂದು ಬಂತು. ಅಭ್ಯಾಸದಲ್ಲಿ ಬಂದದ್ದು, ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದಕ್ಕೆ ಮುಂದಿನ ದಸರಾ ಕಾಯಬೇಕು. ಆಗಿನ ಪೂಜೆಗೆ ಈ ಪಿಸ್ತೂಲು ಕೊಡುತ್ತೀಯಾ ಎಂದು ನಮ್ಮವರು ಈಗಲೇ ಕೇಳಿ ಇಟ್ಟಿದ್ದಾರೆ. ಬಿಲ್ಲು ಕೊಡುತ್ತೇನೆ, ಅದಕ್ಕೆ ಕುಂಕುಮ ಹಚ್ಚಿ ಎಂದಿದ್ದೇನೆ.

ನಿಮ್ಮ ಮನೆಯ ಅಟ್ಟದಲ್ಲೂ ನಿಮಗೆಂದು ಬೇರೆಯವರು ಆರಿಸಿದ, ನಿಮ್ಮ ಕೈಗೆ ಹೊಂದದ ಸಾಮಾನು ಇದ್ದೇ ಇರುತ್ತದೆ. ಅದು ಏನು, ಯಾರು ತೂಗಿ ತಂದರು, ಕೊನೆಗೆ ನೀವೇನು ಮಾಡಿದಿರಿ, ಕೆಳಗೆ ಬರೆಯಿರಿ. ಒಳಗೆ ಎಣ್ಣೆ ಬಿಟ್ಟವರಿದ್ದರೆ ಅವರದ್ದನ್ನು ಮೊದಲು ಓದುತ್ತೇನೆ.