ಅಣ್ಣನ ಕೊಳದ ಹಸಿರು

ನಮ್ಮ ಅಣ್ಣ ಮಲ್ಲಪ್ಪ ಯಾರು ಕೊಟ್ಟ ಚಹವನ್ನೂ ಮೊದಲ ಗುಟುಕಿಗೆ ನುಂಗುತ್ತಿರಲಿಲ್ಲ. ಬಾಯಲ್ಲಿ ಹಿಡಿದುಕೊಂಡು ಕೊಟ್ಟವರ ಮುಖ ನೋಡಿ, ಅಲ್ಲಿ ಏನೂ ಕಾಣದಿದ್ದರೆ ಗಂಟಲಿಗೆ ಇಳಿಸುತ್ತಿದ್ದ. ಬೀಗರ ಮನೆಯಲ್ಲೂ ಹಾಗೆಯೇ. ಅತ್ತಿಗೆ ಬದುಕಿದ್ದಾಗ ಆಕೆಗೂ ಈ ಪರೀಕ್ಷೆ ತಪ್ಪಿರಲಿಲ್ಲ. ನಾನು ಕೊಟ್ಟದ್ದನ್ನು ಮಾತ್ರ ಗಟಗಟ ಕುಡಿಯುತ್ತಿದ್ದ.

ಲಾರಿ ನಡೆಸಿ ಮೇಲೆ ಬಂದವನು. ಹಾದಿಯಲ್ಲಿ ಮಲಗುವಾಗ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ತನ್ನದೊಂದು ಕೂದಲು ಅಂಟಿಸುತ್ತಿದ್ದನಂತೆ. ಬೆಳಿಗ್ಗೆ ಕೂದಲು ಇಲ್ಲದಿದ್ದರೆ ಕ್ಲೀನರನ ಕಥೆ ಮುಗಿಯಿತು. ಗಾಳಿಗೂ ಹಾರುತ್ತದಲ್ಲ ಎಂದು ನಾನೊಮ್ಮೆ ಕೇಳಿದ್ದೆ. “ಗಾಳೀನ ಯಾರು ಕಳಿಸಿದ್ರು ಅನ್ನೂದು ನೋಡಬೇಕಲಾ,” ಅಂದ.

ಆ ಲಾರಿಯಲ್ಲೇ ಅವನ ಬೆನ್ನು ಹೋಯಿತು. ನೀರಿನಲ್ಲಿ ನಡೆದಾಡಿದರೆ ನೋವು ತಗ್ಗುತ್ತದೆ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದೇ ತಡ, ಬೈಲಹೊಂಗಲದ ಹೊರಗಿನ ನಮ್ಮ ಹೊಲದ ಮನೆಯ ಹಿತ್ತಲಲ್ಲಿ ಎದೆಮಟ್ಟದ ಈಜುಕೊಳ ಕಟ್ಟಿಸಿದ. ನೀಲಿ ಟೈಲ್ಸು, ನೀರು ಸೋಸುವ ಮಷೀನು, ಎಲ್ಲ. ಗಂಡ ತೀರಿದ ಮೇಲೆ ನಾನು ಅಣ್ಣನ ಮನೆಯಲ್ಲೇ ಇದ್ದೆ. ಗಂಗವ್ವನ ಪೂಜೆ ಯಾವಾಗ ಎಂದು ಕೇಳಿದೆ. ಹೊಸ ಬಾವಿಗೆ, ಬೋರಿಗೆ ಹಾಲು ಎರೆಯದೆ ನಮ್ಮಲ್ಲಿ ಯಾರೂ ನೀರು ಮುಟ್ಟುವುದಿಲ್ಲ.

“ಇದು ಬಾವಿ ಅಲ್ಲ, ದವಾಖಾನಿ. ಒಂದು ಎಲಿ ಸೈತ ಬೀಳಬಾರದು ಇದರಾಗ,” ಅಂದ.

ನನಗೆ ಸಮಾಧಾನವಾಗಲಿಲ್ಲ. ಬೆನ್ನು ಬಗ್ಗದ ಮನುಷ್ಯ, ಈಜು ಬಾರದವನು, ದಿನಾ ಒಬ್ಬನೇ ಆ ನೀರಿಗೆ ಇಳಿಯುತ್ತಾನೆ. ಪೂಜೆ ಕಾಣದ ನೀರು ಜೀವ ಕೇಳುತ್ತದೆ ಎಂದು ಕೇಳಿ ಬೆಳೆದವಳು ನಾನು. ಪ್ರತಿ ಸೋಮವಾರ ಅವನು ಏಳುವ ಮೊದಲೇ ಒಂದು ಚರಿಗೆ ಹಾಲಿಗೆ ಬೆಲ್ಲ ಕದಡಿ, ಚಿಟಿಕೆ ವಿಭೂತಿ ಉದುರಿಸಿ, ಕೊಳದ ಮೂಲೆಯಲ್ಲಿ ಸದ್ದಾಗದಂತೆ ಸುರಿಯತೊಡಗಿದೆ.

ವಾರದ ನಡುವೆ ಪಾಚಿ ಕಟ್ಟುತ್ತಿತ್ತು. ಮೆಟ್ಟಿಲು ಜಾರುತ್ತಿತ್ತು, ಗೋಡೆ ಮುಟ್ಟಿದರೆ ಬೆರಳು ಹಸಿರು. ಕೊಳ ನೋಡಿಕೊಳ್ಳಲು ಬರುತ್ತಿದ್ದ ಪರಸಪ್ಪ ಬ್ರಶ್ಶಿನಿಂದ ತಿಕ್ಕುತ್ತಿದ್ದ, ಕ್ಲೋರಿನ್ ಪುಡಿ ಹಾಕುತ್ತಿದ್ದ, ಸೋಸುವ ಮಷೀನು ತೊಳೆಯುತ್ತಿದ್ದ. ತಿಳಿಯಾದ ನೀರು ಮತ್ತೆ ಹಸಿರಾಗುತ್ತಿತ್ತು.

ಅಣ್ಣನ ಸಂಶಯಕ್ಕೆ ಕೆಲಸ ಸಿಕ್ಕಿತು. ಪಕ್ಕದ ಹೊಲದವರು ಕಪ್ಪೆ ತಂದು ಬಿಡುತ್ತಾರೆ ಎಂದ. ಆಮೇಲೆ, ಕಾಲುವೆಯ ನೀರನ್ನು ಯಾರೋ ನಮ್ಮ ಪೈಪಿಗೆ ಸೇರಿಸಿದ್ದಾರೆ ಎಂದು ಪೈಪಿನುದ್ದಕ್ಕೂ ಕುಂಟುತ್ತ ಹೋಗಿ ಬಂದ. ಕೊನೆಗೆ ಅವನ ಕಣ್ಣು ಪರಸಪ್ಪನ ಮೇಲೆ ನೆಟ್ಟಿತು. ಪುಡಿ ಮಾರಿಕೊಂಡು ಸುಣ್ಣ ಹಾಕುತ್ತಿದ್ದಾನಂತೆ. ಪುಡಿಯ ಡಬ್ಬಿ ಅಣ್ಣನ ಮಂಚದ ಕೆಳಗೆ ಸೇರಿತು. ಅದರ ಘಾಟಿಗೆ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಮಲಗಿದನೇ ಹೊರತು ಡಬ್ಬಿಯನ್ನು ಹೊರಗಿಡಲಿಲ್ಲ.

ಒಂದು ಭಾನುವಾರ ಸಂಜೆ ಕೊಳದ ಸುತ್ತ ಒಲೆಯ ಬೂದಿಯನ್ನು ತೆಳ್ಳಗೆ ಹರಡಿದ್ದ. ನನಗೆ ಗೊತ್ತಿರಲಿಲ್ಲ, ನಸುಕಿನಲ್ಲಿ ಕಾಣಲೂ ಇಲ್ಲ. ಬೆಳಗಾದ ಮೇಲೆ ನನ್ನನ್ನು ಕರೆದ. ಬೂದಿಯ ತುಂಬ ನನ್ನ ಹೆಜ್ಜೆ.

“ಇವು ನಿನ್ನವ ಅಲಾ, ನೀಲವ್ವಾ?”

“ಹೂಂ ಅಣ್ಣಾ.”

“ಕಳ್ಳನ್ನ ಕಾಯಾಕ ಬಂದಿದ್ದಿ. ನನಗಿಂತ ನಿನಗ ಕಾಳಜಿ ಭಾಳ.” ಮತ್ತೆ ಕಷ್ಟಪಟ್ಟು ಬಗ್ಗಿ ನೋಡಿದ. “ಅಂವಾ ಎಷ್ಟ ಶ್ಯಾಣ್ಯಾ ನೋಡು. ನಿನ್ನ ಹೆಜ್ಜಿ ಮ್ಯಾಲೆ ಹೆಜ್ಜಿ ಇಟಗೋತ ಹೋಗ್ಯಾನ!”

ನಗಬೇಕಾದ ಮಾತು. ನಾನು ತಲೆಯಾಡಿಸಿದೆ.

ಅಷ್ಟರಲ್ಲಿ ಪರಸಪ್ಪ ಬಂದ. “ಸಾವಕಾರ್ರ, ನಾ ಪುಡಿ ಕದ್ದಿಲ್ರಿ. ಮೂಲ್ಯಾಗ ಇರವಿ ಮುತ್ಯಾವ ನೋಡ್ರಿ, ಸೀ ಏನೋ ಬೀಳಾಕಹತ್ತೇತಿ ನೀರಿಗೆ. ನಾ ಹಾಕಿದ ಪುಡಿ ಅದರ ಮ್ಯಾಲೇ ತೀರಿ ಹೋಗತೈತಿ, ಪಾಚಿ ಹಂಗ ಉಳೀತೈತಿ.”

“ಸೀ ಸುರುವಾಕ ಇದೇನು ನಿಮ್ಮಪ್ಪನ ಮದವಿ ಮನಿ ಏನಲೇ? ನಾಳಿಂದ ಈ ಕಡೆ ಹಾಯಬ್ಯಾಡ.”

ಪರಸಪ್ಪ ನನ್ನ ಕಡೆ ತಿರುಗಿದ. “ಅಕ್ಕಾರ, ನೀವಾರ ಒಂದ ಮಾತ ಹೇಳ್ರಿ.”

ಪಾಚಿ ಯಾಕೆ ಬರುತ್ತಿದೆ ಎಂಬುದು ನನಗೆ ಆಗಲೇ ತಿಳಿದುಹೋಗಿತ್ತು. ಸೆರಗಿನ ತುದಿಯಿಂದ ಕಾಲಿನ ಬೂದಿ ಒರೆಸಿಕೊಂಡೆ. ಹೇಳಿದರೆ ಅಣ್ಣ ನನ್ನ ಮುಖವನ್ನೂ ಬೇರೆಯವರ ಮುಖದಂತೆ ನೋಡುತ್ತಾನೆ ಎಂಬ ಅಂಜಿಕೆ.

ಮುಂದಿನ ಸೋಮವಾರದಿಂದ ಹಾಲು ಎರೆಯುವುದನ್ನು ನಿಲ್ಲಿಸಿದೆ. ಅಷ್ಟಾದರೂ ಸರಿ ಮಾಡಿದೆ ಎಂದುಕೊಂಡೆ. ಪುಡಿಯನ್ನು ಈಗ ಅಣ್ಣನೇ ಹಾಕುತ್ತಿದ್ದ; ನೀರು ತಿಳಿಯಾಗಿ ತಳದ ಟೈಲ್ಸಿನ ಗೆರೆ ಕಂಡಿತು. ಅಣ್ಣನಿಗೆ ಅದೇ ಸಾಕ್ಷಿಯಾಯಿತು. “ಕಳ್ಳ ಹೋದ, ಹಸರು ಹೋತು,” ಎಂದು ಪೇಟೆಯ ಪಂಪ್‌ಸೆಟ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಹೇಳಿದ. ಕಿತ್ತೂರು, ಸವದತ್ತಿ ಕಡೆಯವರೂ ಕೆಲಸದವರನ್ನು ಕೇಳಿಕೊಂಡು ಬರುವ ಅಂಗಡಿ ಅದು. ಪರಸಪ್ಪನನ್ನು ಆಮೇಲೆ ಯಾರೂ ಕರೆಯಲಿಲ್ಲ.

ಎದೆನೋವೆಂದು ಅಣ್ಣನನ್ನು ಬೆಳಗಾವಿಗೆ ಒಯ್ದಾಗ ಮಗ್ಗುಲಲ್ಲಿ ನಾನೇ ಇದ್ದೆ. ಸಲೈನ್ ಬಾಟಲಿ ತೋರಿಸಿ, “ಬರೇ ನೀರ ತುಂಬ್ಯಾರ ಇದಕ್ಕ,” ಅಂದ. ನರ್ಸು ನಗುತ್ತ ಹೊರಗೆ ಹೋದ ಮೇಲೆ ನಾನು ಎಲ್ಲ ಹೇಳಿಬಿಟ್ಟೆ. ಹಾಲು, ಬೆಲ್ಲ, ಬೂದಿಯ ಮೇಲಿನ ಹೆಜ್ಜೆ.

ಚಹ ಕೊಟ್ಟವರ ಮುಖ ನೋಡುವಂತೆ ಅವನು ನನ್ನ ಮುಖ ನೋಡಿದ.

“ಪರಸ್ಯಾ ನಿನಗ ಏನು ಕೊಟ್ಟ?”

“ಏನೂ ಕೊಟ್ಟಿಲ್ಲ ಅಣ್ಣಾ. ಹಾಕಿದಾಕಿ ನಾನ.”

“ಮತ್ತ ಅವನ ಪರ ಯಾಕ ಮಾತಾಡತಿ?”

ಗೋಡೆಯ ಕಡೆ ಹೊರಳಿಕೊಂಡ. ಅವನು ನನ್ನೊಡನೆ ಆಡಿದ ಕಡೆಯ ಮಾತು ಅದು.

ಅಣ್ಣ ತೀರಿಕೊಂಡು ದಿನಕರ್ಮ ಮುಗಿದ ಮೇಲೆ ಆ ಪಂಪ್‌ಸೆಟ್ ಅಂಗಡಿಗೆ ಹೋದೆ. ಕೂತವರೆದುರು ನಿಂತು, ಪರಸಪ್ಪ ಕಳ್ಳನಲ್ಲ, ನೀರು ಕೆಡಿಸಿದವಳು ನಾನು ಎಂದೆ. ಅಂಗಡಿಯ ಹಿರಿಯ ಕನ್ನಡಕ ತೆಗೆದ.

“ಅಣ್ಣ ಹೋದ ಮ್ಯಾಲೆ ಅವನ ಹೆಸರ ಕೆಡಸಾಕ ಬಂದೀಯೇನವಾ? ಹೊಲದ್ದು ತಕರಾರ ಏನರ ಐತೇನು?”

“ತಕರಾರ ಏನೂ ಇಲ್ರೀ. ಪರಸಪ್ಪ ಕದ್ದಿಲ್ಲ. ಅಷ್ಟ ಹೇಳಾಕ ಬಂದೀನಿ.”

ಹಿರಿಯ ಮತ್ತೆ ಕನ್ನಡಕ ಹಾಕಿಕೊಂಡು ಬಿಚ್ಚಿಟ್ಟ ಪಂಪಿನ ಕಡೆ ತಿರುಗಿದ. ಈಗ ಸಂತೆಯ ದಿನ ಹೋಗಿ ಅಣ್ಣನಿಲ್ಲದ ಆ ಬೆಂಚಿನ ಮೇಲೆ ಕೂರುತ್ತೇನೆ, ಬಂದವರಿಗೆ ಹೇಳುತ್ತೇನೆ. ಕೆಲವರು ಅಯ್ಯೋ ಅನ್ನುತ್ತಾರೆ, ಕೆಲವರು ತಲೆ ಕೆಟ್ಟಿದೆ ಅನ್ನುತ್ತಾರೆ. ಮೊನ್ನೆ ಕೆಲಸದವರನ್ನು ಕೇಳಿಕೊಂಡು ಬಂದ ಸಂಗೊಳ್ಳಿಯವನೊಬ್ಬ ಪೂರ್ತಿ ಕೇಳಿ, “ಆ ಪರಸಪ್ಪನ ಮನಿ ಎಲ್ಲಿ ಬರತೈತ್ರಿ?” ಅಂದ. ಹಾದಿ ಹೇಳಿದೆ. ಮನೆ ತೋರಿಸಲು ಜೊತೆಗೆ ಬರ್ರಿ ಎಂದು ಕರೆದ. ಪರಸಪ್ಪನ ಬಾಗಿಲಲ್ಲಿ ನಿಲ್ಲುವಷ್ಟು ಧೈರ್ಯ ಇನ್ನೂ ಬಂದಿಲ್ಲ.