ಅಡುಗೆ ಭಟ್ಟರು ಕಾದಿದ್ದ ಕೂಗು

ನಮ್ಮ ಅಡುಗೆ ಭಟ್ಟರ ಕಾಲ್ಬೆರಳುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಹಸಿ ಶುಂಠಿಯ ಕವಲಿನ ಹಾಗೆ ಒಂದೊಂದೂ ಒಂದೊಂದು ಕಡೆಗೆ ಅಗಲಿಕೊಂಡು ನೆಲವನ್ನು ಕಚ್ಚಿ ಹಿಡಿದಿರುತ್ತಿದ್ದವು. ಅರ್ಧ ಆಯುಷ್ಯ ತೂಗಾಡುವ ಹಡಗಿನಲ್ಲಿ ಸೌಟು ಹಿಡಿದು ನಿಂತವರ ಕಾಲು ಅದು. ಮದ್ರಾಸಿನ ಬಂದರಿನಲ್ಲಿ ಇಳಿದು ಗಟ್ಟಿ ನೆಲದ ಮೇಲೆ ನಿಂತಾಗಲೂ ಆ ಕಾಲಿಗೆ ನೆಲದ ಮೇಲೆ ನಂಬಿಕೆ ಬರುತ್ತಿರಲಿಲ್ಲ.

ನಾನು ಆ ಹಡಗು ಹತ್ತಿದ್ದು ಐವತ್ತರ ದಶಕದ ನಡುವೆ. ಅದಕ್ಕೆ ಮೊದಲು ತ್ರಿಪ್ಲಿಕೇನಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಬೆವರು ಸುರಿಸುತ್ತಿದ್ದವನು. ಮದುವೆಯಾಗಿ ಮಕ್ಕಳಾಗಿದ್ದವು. ಹಡಗಿನಲ್ಲಿ ಸಂಬಳ ಚೆನ್ನಾಗಿದೆ ಅಂದರು, ಹೊರಟುಬಿಟ್ಟೆ. ಮದ್ರಾಸಿನಿಂದ ಪೆನಾಂಗ್, ಸಿಂಗಾಪುರಕ್ಕೆ ಹೋಗಿಬರುವ ಪ್ರಯಾಣಿಕರ ಹಡಗು. ಮೇಲಿನ ಅಂತಸ್ತಿನಲ್ಲಿ ಸಾಹೇಬರಿಗೆ ಬ್ಯಾಂಡು, ಕುಣಿತ. ಕೆಳಗೆ ಹಿಂಭಾಗದಲ್ಲಿ ಸಸ್ಯಾಹಾರಿಗಳಿಗೆಂದೇ ಒಂದು ಅಡುಗೆಮನೆ. ಅದಕ್ಕೆ ಯಜಮಾನರು ಕುಂದಾಪುರದ ಕಡೆಯ ಈ ಭಟ್ಟರು.

ಮೊದಲೆರಡು ದಿನ ನಾನು ಮನುಷ್ಯನಾಗಿರಲಿಲ್ಲ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದು. ಭಟ್ಟರು ಉಪ್ಪು, ನಿಂಬೆರಸ ಹಾಕಿದ ಗಂಜಿತಿಳಿ ಕುಡಿಸಿ, ಮಲಗಿದರೆ ಸಮುದ್ರ ತಲೆಗೇರುತ್ತದೆ ಎಂದು ಎಬ್ಬಿಸಿ ಕೆಲಸಕ್ಕೆ ನಿಲ್ಲಿಸಿದರು. ಕಲಿತದ್ದನ್ನೆಲ್ಲ ಮರೆತು ಹೊಸದಾಗಿ ಕಲಿಯಬೇಕಾಯಿತು. ಸಾಂಬಾರಿನ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬುವ ಹಾಗಿಲ್ಲ. ಪಾತ್ರೆ ಜಾರದಿರಲೆಂದು ಒಲೆಯ ಸುತ್ತ ಕಬ್ಬಿಣದ ಕಟಕಟೆ. ಕಾವಲಿಯ ಮೇಲೆ ಹಿಟ್ಟು ಹುಯ್ದರೆ ಅದು ಹಡಗು ವಾಲಿದ ಕಡೆಗೆ ಹರಿಯುತ್ತಿತ್ತು. ದುಂಡನೆಯ ದೋಸೆಗೆ ಹೆಸರಾಗಿದ್ದವನು ನಾನು, ನಾಯಿನಾಲಿಗೆಯಂಥ ದೋಸೆ ಹುಯ್ದು ಅತ್ತದ್ದೂ ಉಂಟು. ಅದು ಸಮುದ್ರ ಹುಯ್ದ ದೋಸೆ, ನಿನ್ನದಲ್ಲ ಬಿಡು ಎಂದು ಭಟ್ಟರು ನಗುತ್ತಿದ್ದರು.

ಅವರದ್ದೊಂದು ವಿಚಿತ್ರ ಕಟ್ಟಳೆ ಇತ್ತು. ಹಡಗು ಬಂದರು ಬಿಟ್ಟ ಮೇಲೆ ಅಡುಗೆಮನೆಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗಬಾರದು. ಬೇಕಾದರೆ ಸೌಟಿನಿಂದ ಪಾತ್ರೆ ಬಡಿಯಬೇಕು. ಅಲ್ಲ ಸ್ವಾಮಿ, ಹೋಟೆಲ್ ಅಂದರೆ ಕೂಗು ತಾನೆ? ಸಪ್ಲೈಯರ್ ಹೊರಗಿನಿಂದ ಕೂಗಿದರೆ ಒಳಗಿನವನು ಕೈಯಲ್ಲಿ ಏನೇ ಇರಲಿ, "ಬಂದೇ" ಅನ್ನಲೇಬೇಕು. ಬುದ್ಧಿಗೆ ತಿಳಿಯುವ ಮೊದಲೇ ನನ್ನ ನಾಲಿಗೆ ಅದನ್ನು ಹೇಳಿ ಮುಗಿಸಿರುತ್ತಿತ್ತು. ಈ ಮುದುಕರಿಗೆ ಎಲ್ಲೋ ಸ್ವಲ್ಪ ಸಡಿಲ ಎಂದುಕೊಂಡೆ. ಭಟ್ಟರು ನನ್ನನ್ನು ಎದುರು ಕೂರಿಸಿಕೊಂಡು ಹೇಳಿದರು: "ಇಲ್ಲಿ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಅದು ನಮ್ಮೋರಲ್ಲ ಅಂತ ತಿಳ್ಕೋ. ಓ ಅನ್ಬೇಡ."

ಮಧ್ಯಾಹ್ನ ಊಟದ ಗಲಾಟೆ ಮುಗಿದು ಎಲ್ಲರೂ ಅಡ್ಡಾದಾಗ ಅವರೊಬ್ಬರೇ ಹಡಗಿನ ಹಿಂಬದಿಗೆ ಹೋಗಿ, ಒಂದು ಡಬ್ಬ ಬೋರಲು ಹಾಕಿಕೊಂಡು ಕೂರುತ್ತಿದ್ದರು. ಕೇಳಿದರೆ ಗಾಳಿಗೆ ಅನ್ನುತ್ತಿದ್ದರು. ಗಾಳಿಗೆ ಕೂತವರ ಕತ್ತು ಹಾಗೆ ಒಂದೇ ಕಡೆಗೆ ವಾಲಿರುವುದಿಲ್ಲ. ಅವರು ಏನನ್ನೋ ಕೇಳಿಸಿಕೊಳ್ಳಲು ಕೂರುತ್ತಾರೆ ಎಂದು ನನಗೆ ಅನ್ನಿಸುತ್ತಿತ್ತು.

ಇನ್ನೂ ಅಂಡಮಾನ್ ದಾಟಿರಲಿಲ್ಲ. ಒಂದು ಮಧ್ಯಾಹ್ನ ಗಾಳಿ ಪೂರಾ ಬಿದ್ದುಹೋಯಿತು. ಬಿಸಿಲಿಗೆ ನೀರು ಎಣ್ಣೆ ಹುಯ್ದ ಹಾಗೆ ನುಣ್ಣಗಾಗಿ, ಹಡಗು ನಿಂತಲ್ಲೇ ನಿಂತಂತೆ ಕಾಣುತ್ತಿತ್ತು. ನಾನು ಉದ್ದಿನಬೇಳೆ ತೊಳೆಯುತ್ತಿದ್ದೆ. ಹಿಂಬದಿಯಿಂದ ಯಾರೋ "ಸೀನಾ" ಅಂದರು. ಹಡಗಿನವರಿಗೆ ನಾನು ಶ್ರೀನಿವಾಸ. ಸೀನ ಅನ್ನುತ್ತಿದ್ದವಳು ನನ್ನಮ್ಮ ಒಬ್ಬಳೇ, ಅವಳೂ ತೀರಿಕೊಂಡಿದ್ದಳು. "ಸೀನಾ, ಇಲ್ಲಿ ಬಾ ಮಾರಾಯ, ಸ್ವಲ್ಪ ಕೈ ಕೊಡು." ಗಂಡಸಿನ ದನಿ, ನಮ್ಮ ಕಡೆಯದೇ ಮಾತು, ಸ್ವಲ್ಪ ಮೂಗು ಕಟ್ಟಿದ ಹಾಗಿತ್ತು. ಹೋಟೆಲಿನವನ ನಾಲಿಗೆ ನೋಡಿ, "ಬಂದೇ" ಅಂದುಬಿಟ್ಟಿತು.

ಆಮೇಲಿನದು ನನಗೆ ಅಷ್ಟಾಗಿ ನೆನಪಿಲ್ಲ. ಮುಸುರೆ ಸುರಿಯುವ ಜಾಗದ ಕಂಬಿಯ ಮೇಲೆ ಒಂದು ಕಾಲಿಟ್ಟು, ನೀರಿನ ಕಡೆಗೆ ಕೈ ಚಾಚಿ ಬಗ್ಗಿದ್ದೆನಂತೆ. ಭಟ್ಟರು ಹಿಂದಿನಿಂದ ನನ್ನ ಪಂಚೆಗೆ ಕೈಹಾಕಿ ಎಳೆದು ಕೆಡವಿದರು. ಅವರು ಒಂದು ಮಾರು ದೂರದಲ್ಲೇ ಕೂತಿದ್ದರು. ಅವರಿಗೆ ಏನೂ ಕೇಳಿಸಿರಲಿಲ್ಲ.

ಅವರು ಬೈಯಲಿಲ್ಲ. ರುಬ್ಬುವ ಕಲ್ಲನ್ನು ನೆಲಕ್ಕೆ ಬಿಗಿದಿದ್ದ ಕಬ್ಬಿಣದ ಬಳೆಗೆ ನನ್ನನ್ನು ಹಗ್ಗದಿಂದ ಕಟ್ಟಿ, ದೀಪ ಹಚ್ಚುವವರೆಗೂ ಉದ್ದು ರುಬ್ಬಿಸಿದರು. ಕಲ್ಲಿನ ಸದ್ದಿನ ಮಧ್ಯೆಯೂ ಆ ದನಿ ಕರೆಯುತ್ತಲೇ ಇತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಹಗ್ಗ ಇಲ್ಲದಿದ್ದರೆ ನಾನು ಹೋಗಿಯೇಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಭಟ್ಟರು ಎದುರಿಗೆ ಕೂತು, ದನಿ ಹೇಗಿದೆ, ನೆಗಡಿಯಾದವರ ಹಾಗಿದೆಯಾ ಎಂದು ಕೇಳಿದರು. ಹೌದೆಂದೆ. ಅವರ ಮುಖ ಸಣ್ಣಗಾಯಿತು.

"ಇನ್ನೂ ವಾಸಿಯಾಗ್ಲಿಲ್ಲ ಅವನಿಗೆ," ಅಂದರು.

ಅವರ ತಮ್ಮ. ಮೈಲಾಪೂರಿನ ಹೋಟೆಲೊಂದರಲ್ಲಿದ್ದವನನ್ನು ಭಟ್ಟರೇ ಒತ್ತಾಯ ಮಾಡಿ ಹಡಗಿಗೆ ಕರೆತಂದಿದ್ದರಂತೆ. ಮೊದಲ ಪ್ರಯಾಣ. ನೆಗಡಿಯಾಗಿ ಮಂಕಾಗಿದ್ದವನು ಮುಸುರೆ ಸುರಿಯಲು ಹೋಗಿದ್ದ. ಮತ್ತೆ ಬರಲಿಲ್ಲ. ಅವನ ಹೆಗಲ ಮೇಲಿನ ಬೈರಾಸ ಮಾತ್ರ ಕಂಬಿಗೆ ಸಿಕ್ಕಿಕೊಂಡಿತ್ತು.

"ಅವತ್ತು ನನ್ನನ್ನೇ ಕರ್ದ, ಅಣ್ಣಾ ಅಂತ. ಒಲೆ ಮೇಲೆ ಒಗ್ಗರಣೆ ಇತ್ತು. ಸೀದು ಹೋಗ್ತದೆ ಅಂತ ನಾನು ಓ ಅನ್ಲಿಲ್ಲ." ಭಟ್ಟರು ನನ್ನ ಕಲ್ಲಿಗೆ ನೀರು ಚಿಮುಕಿಸಿದರು. "ಈಗ ಹೊಸಬರು ಬಂದ್ರೆ ಸಾಕು, ಕರೀತಾನೆ. ನನ್ನೊಬ್ಬನ್ನ ಕರಿಯೋದಿಲ್ಲ. ಒಂದು ಸಲ ಕರೆದ್ರೆ ಸಾಕಿತ್ತು."

ಕರೆದರೆ ಹೋಗುತ್ತೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ಮಧ್ಯಾಹ್ನಗಳೆಲ್ಲ ಅವರು ಅಲ್ಲಿ ಯಾಕೆ ಕೂರುತ್ತಿದ್ದರೆಂದು ತಿಳಿಯಿತು. ನಮ್ಮ ಬಾಯಿ ಮುಚ್ಚಿಸಿ ಉಳಿಸಿದ ಮನುಷ್ಯನಿಗೆ ತನಗೆ ಬೇಕಾದ ಕೂಗು ಮಾತ್ರ ಸಿಗಲಿಲ್ಲ.

ನಾನು ಹಡಗಿಗೆ ಹೊಂದಿಕೊಂಡೆ. ಅಲೆಯೆದ್ದಾಗಲೂ ದೋಸೆ ದುಂಡಗೆ ಬರತೊಡಗಿತು. ಆ ದನಿ ಆಮೇಲೂ ಆಗಾಗ ಕರೆಯಿತು. ನಾನು ಹಲ್ಲು ಕಚ್ಚಿಕೊಂಡು ಸೌಟು ಆಡಿಸುತ್ತಿದ್ದೆ. ಕೆಲವು ವರ್ಷಗಳ ನಂತರ, ಮಕ್ಕಳು ದೊಡ್ಡವರಾಗುತ್ತಿದ್ದಾರೆಂದು ಬಿಟ್ಟು ಬಂದು ಮತ್ತೆ ತ್ರಿಪ್ಲಿಕೇನಿನ ಹೋಟೆಲು ಸೇರಿದೆ.

ಭಟ್ಟರನ್ನೂ ವಯಸ್ಸಾಯಿತೆಂದು ಕಂಪನಿಯವರು ಇಳಿಸಿದರು. ಊರಿಗೆ ಹೋಗಿ ಎಂದರೆ ಕೇಳಲಿಲ್ಲ. ಅಲ್ಲಿರುವುದು ಪಡುವಣ ಸಮುದ್ರ, ಅಲ್ಲಿಂದ ಈ ಸಮುದ್ರ ಕೇಳಿಸುವುದಿಲ್ಲವಂತೆ. ನಮ್ಮ ಹೋಟೆಲಿನ ಹಿಂದಿನ ಲಾಡ್ಜಿನಲ್ಲೇ ಒಂದು ಕೋಣೆ ಹಿಡಿದರು. ಸುಡುವ ಮಧ್ಯಾಹ್ನ, ಮರೀನಾದಲ್ಲಿ ನರಪಿಳ್ಳೆ ಇಲ್ಲದಾಗ, ಮರಳಿನಲ್ಲಿ ಕತ್ತು ವಾಲಿಸಿಕೊಂಡು ಕೂರುತ್ತಿದ್ದರು. ಊಟಕ್ಕೆ ನಮ್ಮಲ್ಲಿಗೆ ಬಂದಾಗ ಸಪ್ಲೈಯರ್ ಯಾರನ್ನಾದರೂ ಕೂಗಿದರೆ ಬೆಚ್ಚಿ ತಿರುಗಿ, ತಮ್ಮನ್ನಲ್ಲ ಎಂದು ಗೊತ್ತಾಗಿ ಮತ್ತೆ ಎಲೆಯ ಮೇಲೆ ಬಗ್ಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಜ್ವರ ಹಿಡಿದು ಮಲಗಿದವರು ಏಳಲಿಲ್ಲ. ಲಾಡ್ಜಿನ ಮ್ಯಾನೇಜರ್ ಬಂದು, "ಪೆರಿಯವರ್‌ಕ್ಕು ಉಡಂಬು ಸರಿಯಿಲ್ಲೈ, ನೀಂಗ ವಾಂಗೊ" ಎಂದು ತಮಿಳಿನಲ್ಲಿ ಹೇಳಿ, ಹಿರಿಯರಿಗೆ ಮೈ ಸರಿಯಿಲ್ಲವೆಂದು ನನ್ನನ್ನು ಕರೆದ. ಡಾಕ್ಟರು ಕೈಚೆಲ್ಲಿದ್ದರು. ಭಟ್ಟರ ಕಣ್ಣು ಮುಚ್ಚಿತ್ತು, ಕಿವಿ ಮಾತ್ರ ಇನ್ನೂ ಕಾಯುತ್ತಿತ್ತು. ಬಾಗಿಲು ಕಿರುಗುಟ್ಟಿದರೂ ಹುಬ್ಬು ಏಳುತ್ತಿತ್ತು. ನನಗೆ ನೋಡಲಾಗಲಿಲ್ಲ.

ಆಗ ಒಂದು ಯೋಚನೆ ಹೊಳೆಯಿತು. ಆ ದನಿಯನ್ನು ಇಡೀ ಮಧ್ಯಾಹ್ನ ಕೇಳಿದವನು ನಾನು. ಅದರ ರಾಗ, ಆ ಕಟ್ಟಿದ ಮೂಗು, ಎಲ್ಲ ನನ್ನ ಕಿವಿಯಲ್ಲಿದೆ. ಮೋಸವೆಂದರೆ ಮೋಸ, ಆಗಲಿ. ನನ್ನ ಪ್ರಾಣ ಉಳಿಸಿದವರಿಗೆ ಇಷ್ಟೂ ಮಾಡದಿದ್ದರೆ ನಾನೆಂಥ ಮನುಷ್ಯ? ಲಾಡ್ಜಿನವರೆಲ್ಲ ಊಟ ಮಾಡಿ ಮಲಗಿದ್ದರು. ಮೆಲ್ಲಗೆ ಜಗಲಿಗೆ ಹೋಗಿ, ಕಿಟಕಿಯ ಪಕ್ಕ ಅವರಿಗೆ ಕಾಣದ ಹಾಗೆ ನಿಂತು, ಎರಡು ಬೆರಳಿನಿಂದ ಮೂಗು ಹಿಡಿದುಕೊಂಡು, ಅಣ್ಣಾ ಎಂದು ಕರೆಯಲು ಉಸಿರೆಳೆದುಕೊಂಡೆ.

ಒಳಗಿನಿಂದ ಭಟ್ಟರ ದನಿ ಬಂತು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿ ಎಷ್ಟೋ ದಿನವಾಗಿತ್ತು.

"ಓ. ಬಂದೆ ಮಾರಾಯ. ಒಲೆ ಆರಿಸಿದ್ದೇನೆ, ಬಂದೆ."

ನಾನು ಒಳಗೆ ಓಡುವಷ್ಟರಲ್ಲಿ ಅವರು ಹೊರಟುಹೋಗಿದ್ದರು. ನನ್ನ ಬೆರಳು ಮೂಗಿನ ಮೇಲೇ ಇತ್ತು. ನಾನಿನ್ನೂ ಕರೆದೇ ಇರಲಿಲ್ಲ.